ಗೇಟಿನ ರಿಜಿಸ್ಟರ್

ಪೀಣ್ಯ ಎರಡನೇ ಹಂತ. ಬಾಗಿಲು ಹಾಕಿದ ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿ.
ಒಳಗೆ ಹದಿನೈದು ದಿನದಿಂದ ಶೂಟಿಂಗು.
ನನಗೆ ರಾತ್ರಿ ಬಂದೋಬಸ್ತು: ಒಂದು ಲಾಠಿ, ಒಂದು ಪ್ಲಾಸ್ಟಿಕ್ ಕುರ್ಚಿ,
ಬಂದವರ, ಹೋದವರ ಹೆಸರು ಬರೆಯಲು
ದಪ್ಪ ರಟ್ಟಿನ ರಿಜಿಸ್ಟರು.

ಕಥೆ ಅಂಥಾದ್ದೇನಲ್ಲ.
ಇಸವಿ ಎರಡು ಸಾವಿರದ ತೊಂಬತ್ತಂತೆ, ಬೆಂಗಳೂರಿಗೆ ನೀರಿಲ್ಲವಂತೆ,
ಅದಕ್ಕೆ ತೊಂಬತ್ತರವರೆಗೆ ಯಾಕೆ ಕಾಯಬೇಕೋ.
ಕೊಳವೆಬಾವಿ ಕೊರೆಯುತ್ತ ಕೊರೆಯುತ್ತ
ಬಂಡೆಯೊಳಗೆ ಮಲಗಿದ್ದೊಂದನ್ನು ಎಬ್ಬಿಸಿದರಂತೆ.
ಅದು ಕೊಲ್ಲುತ್ತದೆ. ಗುಂಡು ನಾಟುವುದಿಲ್ಲ, ಬೆಂಕಿ ಸುಡುವುದಿಲ್ಲ.
ಓಡುವುದೂ ಇಲ್ಲ ಅದು. ನಡೆಯುತ್ತದೆ,
ಬಡ್ಡಿ ವಸೂಲಿಗೆ ಹೊರಟವನ ಹಾಗೆ,
ಎಲ್ಲಿಗೆ ಹೋಗ್ತಾನೆ ಬಿಡು ಎಂಬ ನಡಿಗೆ.

ಸಿನಿಮಾದ ಇನ್‌ಸ್ಪೆಕ್ಟರು ಆರು ಗುಂಡಿನ ರಿವಾಲ್ವರಿನಲ್ಲಿ
ಹನ್ನೊಂದು ಗುಂಡು ಹೊಡೆದ. ಎಣಿಸಿದೆ.
ಎಣಿಸದೆ ಇರಲಾರೆ.
ವರ್ಷಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಹತ್ತು ತೋಟಾ ಕೊಟ್ಟರೆ
ಹತ್ತು ಖಾಲಿ ಕೇಸು ಲೆಕ್ಕಹಾಕಿ ವಾಪಸ್ ಕೊಡಬೇಕು.
ಒಮ್ಮೆ ಒಂದು ಕಡಿಮೆಯಾಗಿ
ಸಂಜೆಯವರೆಗೆ ಮೂವರು ಮಂಡಿಯೂರಿ ಹುಲ್ಲು ಕೆದಕಿದ್ದೆವು,
ಮೂಗುಬಟ್ಟು ಕಳಕೊಂಡ ಹೆಂಗಸರ ಹಾಗೆ.

ಕೊಲೆಗಾರನ ಒಳಗಿರುವವನು ಇನ್ನಾಸಪ್ಪ, ಲಿಂಗರಾಜಪುರದವನು.
ರಬ್ಬರಿನ ಮೈ, ಇಪ್ಪತ್ತೆರಡು ಕೇಜಿ.
ಕಟ್ ಅಂದಾಗ ಬಂದು, ತಲೆ ಬಿಚ್ಚಿ ನನ್ನ ರಿಜಿಸ್ಟರಿನ ಮೇಲಿಟ್ಟು
ಗಟಗಟ ಮಜ್ಜಿಗೆ ಕುಡಿಯುತ್ತಾನೆ.
"ಒಳಗಿಂದ ಏನೂ ಕಾಣಲ್ಲ ಸಾರ್.
ಅವರು ಕಿರುಚೋ ಕಡೆಗೆ ನಡೀತೀನಿ ಅಷ್ಟೇ."

ಮೊನ್ನೆ ಗುರುವಾರ, ಮೂರು ಗಂಟೆ ಹೊತ್ತಿಗೆ
ಜನರೇಟರ್ ಕೆಮ್ಮಿ ನಿಂತಿತು.
ಶೆಡ್ಡಿನೊಳಗೆ ಯಾರೋ ಕಿರುಚಿದರು,
ಹದಿನಾಲ್ಕು ಟೇಕಿನಲ್ಲೂ ಬಾರದಿದ್ದ ಕಿರುಚು.
ಆಮೇಲೆ ಅದು ಹೊರಗೆ ಬಂತು.
ನಕ್ಷತ್ರದ ಬೆಳಕಿನಲ್ಲಿ ಆಕಾರವಷ್ಟೇ. ಅದೇ ನಡಿಗೆ.
"ಟಾರ್ಚ್ ಹಾಕಲೇನಯ್ಯ?" ಎಂದು ಕೂಗಿದೆ.
"ಬೇಡ ಸಾರ್" ಎಂದ ಇನ್ನಾಸಪ್ಪ,
ನನ್ನ ಪಕ್ಕದಿಂದ,
ಬಹಳ ಮೆಲ್ಲಗೆ.

ಸೊಂಟದಲ್ಲಿ ರಿವಾಲ್ವರಿಲ್ಲ. ಇದ್ದಿದ್ದರೆ ಲೆಕ್ಕ ಕೊಡುವವರು ಯಾರು.
ಇಪ್ಪತ್ತೊಂಬತ್ತು ವರ್ಷದ ಸರ್ವೀಸು, ಕಾಲುಗಳೇ ಎದ್ದು ನಿಂತವು
ಗೇಟಿಗೆ ಬೆನ್ನು ಕೊಟ್ಟು.
ಬೆನ್ನ ಹಿಂದೆ ತುಮಕೂರು ರಸ್ತೆ,
ಫ್ಲೈಓವರ್ ಕೆಳಗೆ ಮುಸುಕು ಹೊದ್ದವರು, ಹಾಲಿನ ವ್ಯಾನು,
ಜಾಲಹಳ್ಳಿಯಲ್ಲಿ, ಟಕಟಕ ಎನ್ನುವ ಫ್ಯಾನಿನ ಕೆಳಗೆ
ನನ್ನ ಚೆನ್ನಾಜಮ್ಮ.

ಗಂಟಲಿಗೆ ಬಂದದ್ದು ದೇವರ ಹೆಸರಲ್ಲ.
"ಏಯ್, ಗೇಟ್ ಪಾಸ್ ಎಲ್ಲಿ?" ಅಂದೆ.
"ಹೆಸರು? ತಂದೆ ಹೆಸರು? ಇರೋದೆಲ್ಲಿ?"

ಒಂಬತ್ತು ಹೆಜ್ಜೆ. ಏಳು. ನಾಲ್ಕು.
ಕಲ್ಲಿನೊಳಗಿನ ನೀರಿನ ತಣ್ಣನೆ ವಾಸನೆ.
ತಲೆ ವಾಲಿಸಿತು ಅದು,
ಅಂಥ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲವೋ,
ಕೇಳಿದವರು ಮುಗಿಸಿರಲಿಲ್ಲವೋ.
ಸೀಟಿ ಕಚ್ಚಿ ಊದಿದೆ, ಹಳೆಯ ಬೀಟಿನವರ ಹಾಗೆ,
ಎರಡು ಉದ್ದ, ಒಂದು ಗಿಡ್ಡ.
ಕ್ರಾಸಿನ ಕಡೆಯಿಂದ, ಯಾವನೋ ನಿದ್ದೆಗಣ್ಣಿನ ಪೇದೆ
ತಿರುಗಿ ಊದಿದ.
ಅವನಾಚೆ ಇನ್ನೊಬ್ಬ.

ಕರೆಂಟ್ ಬಂದಾಗ ಮೂರು ಇಪ್ಪತ್ತೆರಡು. ಅಂಗಳ ಖಾಲಿ.
ಇನ್ನಾಸಪ್ಪ ಲೋಟದ ಮಜ್ಜಿಗೆಯನ್ನು ಮಣ್ಣಿಗೆ ಚೆಲ್ಲಿ
ಎದೆಯ ಮೇಲೆ ಶಿಲುಬೆ ಬರೆದುಕೊಂಡ.
ನಾನು ರಿಜಿಸ್ಟರಿನಲ್ಲಿ ಬರೆದೆ:
ಅಪರಿಚಿತ, ಒಬ್ಬರು. ಒಳಗೆ ಬಂದ ಸಮಯ ತಿಳಿಯದು.
ಹೊರಗೆ ಹೋದ ಸಮಯ,
ಆ ಮನೆ ಖಾಲಿ ಬಿಟ್ಟಿದ್ದೇನೆ.

ಇವತ್ತೂ ಅದೇ ಡ್ಯೂಟಿ.
ಕುರ್ಚಿಯನ್ನು ಗೇಟಿಗೆ ಒಂದು ಗೇಣು ಹತ್ತಿರ ಎಳಕೊಂಡು ಕೂತಿದ್ದೇನೆ.